ಒಂದೇ ಪೆಟ್ಟಿಗೆಯಲ್ಲಿ ಹಳೆಯದೂ ಹೊಸದೂ

ಅಂಗಡಿಯ ಹಿಂಗೋಣೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಗ್ಗೆ ಹನ್ನೊಂದು

ಪ್ರೀತಿಯ ಅತ್ತೇ,

ಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಚುಳುಕ್ ಅನ್ನುತ್ತದೆಯೇ? ವ್ಯಾಯಾಮ ಮಾಡಿಸಲು ಬರುವ ನರ್ಸಮ್ಮ ಮೊನ್ನೆ ಅಂಗಡಿಗೆ ಬಂದಿದ್ದರು. ಕೋಲು ಬಿಟ್ಟು ನಡುಮನೆಯ ತನಕ ನೀವೇ ನಡೆದಿರಿ ಎಂದು ಹೇಳಿದರು. ಕೇಳಿ ಸಂತೋಷವಾಯಿತು, ಹಾಗೇ ಸಿಟ್ಟೂ ಬಂತು. ಈ ಮಾತನ್ನು ನಾನು ನರ್ಸಮ್ಮನ ಬಾಯಿಂದ ಕೇಳಬೇಕಾಯಿತಲ್ಲ ಅಂತ. ಫೋನ್ ಮಾಡಿದಾಗಲೆಲ್ಲ ಭಾವನವರೇ ಎತ್ತುತ್ತಾರೆ. ಅಮ್ಮ ಮಲಗಿದ್ದಾರೆ, ಅಮ್ಮ ಈಗ ತಾನೇ ಮಾತ್ರೆ ತಗೊಂಡರು, ಅಮ್ಮನಿಗೆ ಅಂಗಡಿ ವಿಷಯ ಹೇಳಿ ತಲೆಬಿಸಿ ಮಾಡಬೇಡ. ನಲವತ್ತು ವರ್ಷದಲ್ಲಿ ಮಾಡದಷ್ಟು ನಿದ್ದೆಯನ್ನು ನೀವು ಭಾವನವರ ಮನೆಗೆ ಹೋದ ಈ ಐದು ತಿಂಗಳಲ್ಲಿ ಮಾಡಿರಬೇಕು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನರ್ಸಮ್ಮ ಇದನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಓದುವಾಗ ಬಾಗಿಲು ಹಾಕಿಕೊಳ್ಳಿ, ಕನ್ನಡಕ ಹುಡುಕಿಕೊಂಡು ಭಾವನವರನ್ನು ಕರೆಯಬೇಡಿ.

ಮೊದಲು ತಪ್ಪೊಪ್ಪಿಗೆ. ನಾನು ನಿಮ್ಮ ಕುರ್ಚಿಯಲ್ಲಿ ಕೂತೆ. ಹೌದು, ಕಂಪ್ಯೂಟರ್ ಮುಂದಿನ ಆ ಕುರ್ಚಿಯಲ್ಲೇ. ಮದುವೆಯಾಗಿ ಬಂದ ವಾರ ನಾನು ಅದರ ಮೇಲೆ ಬಟ್ಟೆಯ ಗಂಟು ಇಟ್ಟಿದ್ದಕ್ಕೆ ನೀವು ಮೂರು ದಿನ ಮಾತು ಬಿಟ್ಟಿದ್ದಿರಿ, ನೆನಪಿದೆಯೇ? ಹದಿನೆಂಟು ವರ್ಷ ನಾನು ಅದನ್ನು ಒರೆಸಿದ್ದೇನೆ, ಕೂತಿರಲಿಲ್ಲ. ನಮ್ಮಿಬ್ಬರ ಕೆಲಸ ಹಾಗೇ ಹಂಚಿಹೋಗಿತ್ತು. ಹೊಲಿಗೆಯ ಚಿತ್ರ ಬಿಡಿಸುವುದು, ಯಾವ ನೂಲು ಎಲ್ಲಿ ಹೋಗಬೇಕು, ಎಷ್ಟು ಹೊಲಿಗೆ ಹಾಕಬೇಕು ಎಂದು ಕಂಪ್ಯೂಟರಿಗೆ ಹೇಳುವುದು ನೀವು. ಚೌಕಟ್ಟಿಗೆ ಬಟ್ಟೆ ಬಿಗಿಯುವುದು, ಹನ್ನೆರಡು ಸೂಜಿಗೆ ನೂಲು ಪೋಣಿಸುವುದು, ಗಿರಾಕಿಗಳ ಬಾಯಿಗೆ ಬೀಳುವುದು ನಾನು. ನೀವು ಹೋದ ಮೇಲೆ ನಮ್ಮ ಗಯ್ಯಾಳಿ ಕಸೂತಿ ಮೆಷಿನ್ನಿನ ನೆನಪಿನಲ್ಲಿ ಉಳಿದಿದ್ದ ಹನ್ನೊಂದು ಚಿತ್ರಗಳನ್ನೇ ತಿರುಗಿಸಿ ಮುರುಗಿಸಿ ಅಂಗಡಿ ನಡೆಸಿದೆ. ಎರಡು ಶಾಲೆ, ಒಂದು ಆಸ್ಪತ್ರೆ, ಬಸ್ಸಿನವರ ಟೋಪಿ, ಹೀಗೆ. ಹೋದ ಬುಧವಾರ ಅಗ್ನಿಶಾಮಕ ದಳದ ಮೀಸೆ ಕ್ಯಾಪ್ಟನ್ ಬಂದು ತೋಳಿನ ಬಿಲ್ಲೆ ಅರವತ್ತು ಬೇಕು, ಇಪ್ಪತ್ತನೇ ತಾರೀಕು ಸೋಮವಾರಕ್ಕೆ ಬೇಕು ಅಂದರು. ಆ ಏಣಿ, ಆ ಕೊಡಲಿ, ಬೆಂಕಿಯ ಮೂರು ನಾಲಿಗೆ ಇರುವ ಬಿಲ್ಲೆ. ಅದು ಮೆಷಿನ್ನಿನಲ್ಲಿಲ್ಲ, ನಿಮ್ಮ ಕಂಪ್ಯೂಟರಿನೊಳಗಿದೆ. ಕೊಡುತ್ತೇನೆ ಎಂದುಬಿಟ್ಟೆ. ಹೇಗೆ ಎಂದು ಗೊತ್ತಿರಲಿಲ್ಲ.

ಅದೇ ಸಂಜೆ ಭಾವನವರ ಫೋನು. ಅವರ ಯೋಚನೆ ನಿಮಗೆ ಎಷ್ಟು ಗೊತ್ತೋ ನನಗೆ ತಿಳಿಯದು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ನೂಲಿನ ಬಿಲ್ಲೆಯ ಕಾಲ ಮುಗಿಯಿತಂತೆ. ಇನ್ನು ಬಟ್ಟೆಯ ಮೇಲೆ ಅಂಟಿಸುವ, ಪ್ರಿಂಟ್ ಮಾಡಿದ ಸ್ಟಿಕ್ಕರ್ ಬಿಲ್ಲೆಯಂತೆ. ಭಾನುವಾರ ಬಂದು ಕಂಪ್ಯೂಟರ್ ಪೂರ್ತಿ ಅಳಿಸಿ, ಅದನ್ನು ನಡೆಸುವ ಹೊಸ ಸಿಸ್ಟಂ ಹಾಕುತ್ತಾರಂತೆ. ಗಯ್ಯಾಳಿಯನ್ನು ಗುಜರಿಯವನಿಗೆ ಹೇಳಿಯೂ ಆಗಿದೆಯಂತೆ. ಪ್ರಿಂಟ್ ಅಂಗಡಿಯನ್ನು ನಾನೂ ಇವರೂ ನಡೆಸಬೇಕಂತೆ, ಅಷ್ಟು ಒಳ್ಳೆಯ ಮನಸ್ಸು. ಅಮ್ಮನ ಚಿತ್ರಗಳು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಅಮ್ಮನೇ ಹೇಳಿದ್ದಾರೆ, ಎಲ್ಲ ತೆಗೆದುಬಿಡಿ ಅಂತ, ಅಂದರು. ಅತ್ತೇ, ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ನೀವು ಹಾಗೆ ಹೇಳಿದ್ದು ನಿಜವಾದರೆ ನಾನು ನಿಮ್ಮೊಂದಿಗೆ ಜಗಳವಾಡಬೇಕು. ಸುಳ್ಳಾದರೆ ಅವರೊಂದಿಗೆ ಆಡಬೇಕು. ಎರಡರಲ್ಲಿ ಯಾವುದೆಂದು ಗೊತ್ತಾಗುವವರೆಗೆ ಒಂದು ಚಿತ್ರವನ್ನೂ ಅಳಿಸಗೊಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಇವರನ್ನು ಕೇಳಿದೆ. ನಿಮ್ಮ ಕಿರಿಮಗನ ಗುಣ ನಿಮಗೆ ಗೊತ್ತಲ್ಲ. ಅಣ್ಣ ಹೇಳೋದೂ ಸರಿ, ನೀನು ಹೇಳೋದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ವ್ಯಾನ್ ತೊಳೆಯಲು ಹೋದರು.

ಭಾವನವರು ಹೇಳುವುದರಲ್ಲಿ ಒಂದು ಮಾತು ನಿಜವೇ, ಒಪ್ಪಬೇಕು. ಆರ್ಡರುಗಳೆಲ್ಲ ಈಗ ವೆಬ್‌ಸೈಟಿನಲ್ಲಿ ಬರುತ್ತವೆ. ನಿಮ್ಮ ಹಳೆಯ ಸಿಸ್ಟಮ್ಮಿನಲ್ಲಿ ಆ ಸೈಟುಗಳು ತೆರೆಯುವುದೇ ಇಲ್ಲ. ತೆರೆದರೂ ಅಪಾಯ, ಅದಕ್ಕೆ ಕಾವಲೇ ಇಲ್ಲ. ಆದರೆ ನಿಮ್ಮ ಹೊಲಿಗೆ ಪ್ರೋಗ್ರಾಂ ಆ ಹಳೆಯ ಸಿಸ್ಟಮ್ಮಿನಲ್ಲಿ ಬಿಟ್ಟು ಬೇರೆಲ್ಲೂ ಉಸಿರಾಡುವುದಿಲ್ಲ. ಹಾಗಂತ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಗುರುವಾರ ಬೀದಿಯ ಕೊನೆಯ ರಿಪೇರಿಯವರ ಹತ್ತಿರ ಹೋದೆ, ಅದೇ, ನೀವು ಸ್ಕ್ರೂ ಮಾವ ಅನ್ನುತ್ತಿದ್ದಿರಲ್ಲ, ಬಾಯಲ್ಲಿ ಯಾವಾಗಲೂ ಒಂದು ಸ್ಕ್ರೂ ಕಚ್ಚಿಕೊಂಡಿರುವವರು. ಎಲ್ಲ ಕೇಳಿ ಅವರು ಸ್ಕ್ರೂ ಹೊರಗೆ ತೆಗೆದು, "ಯಾರನ್ನೂ ಓಡಿಸೋದು ಬೇಡಮ್ಮ. ಇಬ್ರನ್ನೂ ಒಂದೇ ಮನೇಲಿ ಇಟ್ಟರಾಯ್ತು" ಅಂದರು. ಒಂದೇ ಡಿಸ್ಕಿನಲ್ಲಿ ಹಳೆಯದಕ್ಕೆ ಅದರ ಪಾಲು, ಹೊಸದಕ್ಕೆ ಅದರ ಪಾಲು. ನಡುವೆ ಬೂಟ್‌ಲೋಡರ್ ಅನ್ನುವ ಚಿಕ್ಕದೊಂದು ಪ್ರೋಗ್ರಾಂ. ಸ್ವಿಚ್ ಹಾಕಿದ ಕೂಡಲೇ ಎಲ್ಲರಿಗಿಂತ ಮೊದಲು ಅದು ಎದ್ದು, ಇವತ್ತು ಯಾರನ್ನು ಎಬ್ಬಿಸಲಿ ಎಂದು ನಮ್ಮನ್ನು ಕೇಳುತ್ತದೆ. ಒಬ್ಬರು ಎದ್ದಿದ್ದಾಗ ಇನ್ನೊಬ್ಬರು ಮಲಗಿರಬೇಕು, ಇಬ್ಬರಿಗೂ ಒಟ್ಟಿಗೆ ಎಚ್ಚರವಿರುವುದಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನು ನಕ್ಕೆ. ಅವರು ನಗಲಿಲ್ಲ, ಅವರ ಮನೆಯಲ್ಲೂ ಇಬ್ಬರೂ ಇದ್ದಾರೆ. ತಾನೇ ಬಂದು ಮಾಡಿಕೊಡುತ್ತೇನೆ ಎಂದರು, ನಾನು ಬೇಡ ಅಂದೆ. ಈ ಕೆಲಸ ಬೇರೆಯವರ ಕೈಯಲ್ಲಿ ಮಾಡಿಸಿದರೆ ನಾಳೆ ಭಾವನವರು ಇನ್ನೊಬ್ಬ ಬೇರೆಯವರನ್ನು ಕರೆತಂದು ಅಳಿಸುತ್ತಾರೆ. ನನಗೇ ಕಲಿಸಿ ಎಂದೆ. ಎರಡು ಮಧ್ಯಾಹ್ನ ಅವರ ಗಾಜಿನ ಮೇಜಿನ ಮುಂದೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊಸ ಸಿಸ್ಟಂ ತುಂಬಿದ ಒಂದು ಪೆನ್‌ಡ್ರೈವ್ ಕೊಟ್ಟು ಕಳಿಸಿದರು.

ಭಾನುವಾರ ಬೆಳಗ್ಗೆ ಏಳಕ್ಕೇ ಅಂಗಡಿಯ ಶಟರನ್ನು ಅರ್ಧ ಇಳಿಸಿ ಕೂತೆ. ಭಾವನವರು ಬರುವುದು ನಾಲ್ಕಕ್ಕೆ. ಮೊದಲು ನಿಮ್ಮ ಚಿತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ ಇಟ್ಟೆ. ಏನೇ ಎಡವಟ್ಟಾದರೂ ಕಡತಗಳಾದರೂ ಉಳಿಯಲಿ ಅಂತ. ಎರಡು ಸಾವಿರದ ಮುನ್ನೂರ ಆರು ಚಿತ್ರ ಅತ್ತೇ! ಅದರ ಹೆಸರುಗಳೋ, ದೇವರೇ ಗತಿ. ಗಿರಾಕಿಯ ಹೆಸರು ಇಡುವುದು ಬಿಟ್ಟು ಗಿರಾಕಿಯ ಗುಣ ಇಟ್ಟಿದ್ದೀರಿ. ಗೊಣಗುವವ, ಮೂರು ಸಲ ಬಣ್ಣ ಬದಲಿಸಿದವಳು, ಕೆಮ್ಮು, ನಾಳೆ ಬಾ ನಾಳೆ ಬಾ. ಅಗ್ನಿಶಾಮಕದವರ ಬಿಲ್ಲೆ ಹುಡುಕಿ ಹುಡುಕಿ ತಲೆ ಕೆಟ್ಟಿತು. ಕೊನೆಗೆ 'ಮೀಸೆ ದೊಡ್ಡದು ಮಾತು ಚಿಕ್ಕದು' ಎನ್ನುವುದರಲ್ಲಿ ಸಿಕ್ಕಿತು. ಇನ್ನೊಂದು ಸಿಕ್ಕಿತು, 'ಸೊಸೆ' ಅಂತ. ಪಕ್ಕದಲ್ಲಿ ಕಾಣುವ ಚಿಕ್ಕ ಗುರುತಿನಲ್ಲಿ ಮೆಣಸಿನಕಾಯಿ ಇತ್ತು. ಅದರ ಬಗ್ಗೆ ಆಮೇಲೆ ಮಾತಾಡೋಣ.

ಆಮೇಲೆ ಹಳೆಯದನ್ನು ಒಂದು ಬದಿಗೆ ಸರಿಸುವ ಕೆಲಸ. ಇಪ್ಪತ್ತು ವರ್ಷದಲ್ಲಿ ಅದು ಡಿಸ್ಕಿನ ತುಂಬ ಸಾಮಾನು ಹರಡಿಕೊಂಡಿತ್ತು. ಎಲ್ಲವನ್ನೂ ಒತ್ತಟ್ಟಿಗೆ ತಂದು, ಅದರ ಪಾಲನ್ನು ಕುಗ್ಗಿಸಿ, ಉಳಿದ ಜಾಗವನ್ನು ಖಾಲಿ ಬಿಡಬೇಕು. ಅದಕ್ಕೇ ಮೂರು ಗಂಟೆ ಹಿಡಿಯಿತು. ನಡುವೆ ಕರೆಂಟ್ ಹೋಗದಿರಲಿ ಎಂದು ನಾನು ಫ್ಯಾನ್ ಕೂಡ ಹಾಕಿರಲಿಲ್ಲ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಆಮೇಲೆ ಪೆನ್‌ಡ್ರೈವ್ ಚುಚ್ಚಿ ಹೊಸದನ್ನು ಹಾಕಲು ಹೊರಟಾಗ ಅದು ಒಂದು ಪ್ರಶ್ನೆ ಕೇಳಿತು. ಡಿಸ್ಕ್ ಪೂರ್ತಿ ಅಳಿಸಿ ಹಾಕಲೇ, ಹಳೆಯದರ ಪಕ್ಕದಲ್ಲಿ ಹಾಕಲೇ? ಅಳಿಸುವುದೇ ಮೇಲಿನ ಸಾಲಿನಲ್ಲಿ, ಗುರುತು ಕೂಡ ಅದಕ್ಕೇ ಹಾಕಿಟ್ಟಿದೆ. ಆ ಯಂತ್ರಕ್ಕೂ ಭಾವನವರದೇ ಬುದ್ಧಿ. ಕಣ್ಣಲ್ಲಿ ಕಣ್ಣಿಟ್ಟು ಎರಡನೆಯದನ್ನು ಒತ್ತಿದೆ. ಮೂರು ಸಲ ಓದಿ ಒತ್ತಿದೆ.

ಮುಗಿದು, ಮತ್ತೆ ಸ್ವಿಚ್ ಹಾಕಿದರೆ, ಹೊಸದೊಂದೇ ಇದೆ. ಹಳೆಯದು ಇಲ್ಲ. ಯಾರನ್ನು ಎಬ್ಬಿಸಲಿ ಎಂದು ಕೇಳುವ ಮಾತೇ ಇಲ್ಲ, ಸೀದಾ ಹೊಸದರ ನೀಲಿ ಪರದೆ ಬಂದು ಸ್ವಾಗತ ಎಂದಿತು. ಕಡತಗಳ ನಕಲೇನೋ ಇದೆ, ಆದರೆ ಅವನ್ನು ಓದುವ ಪ್ರೋಗ್ರಾಂ ಇರುವುದು ಆ ಸಿಸ್ಟಮ್ಮಿನಲ್ಲಿ. ಅದನ್ನು ಮತ್ತೆ ಹಾಕಲು ಬೇಕಾದ ಫ್ಲಾಪಿಗಳು ಎಂದೋ ಬೂಷ್ಟು ಹಿಡಿದುಹೋದವು. ಉಳಿಸುತ್ತೇನೆ ಎಂದು ಹೊರಟವಳೇ ಕೊಂದೆನಲ್ಲ, ಭಾವನವರಿಗಾಗಿ ನಾನೇ ಅಳಿಸಿಕೊಟ್ಟೆನಲ್ಲ ಎಂದು ಕೂತಲ್ಲೇ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಅತ್ತು ಮುಗಿಸಿ ಸ್ಕ್ರೂ ಮಾವನಿಗೆ ಫೋನ್ ಮಾಡಿದೆ. ಅವರು ಊಟ ಮಾಡುತ್ತಿದ್ದರು, ಅವಸರವೇ ಇಲ್ಲ. "ಹೋಗಿಲ್ಲಮ್ಮ. ಅದು ಹುಡುಕಿಲ್ಲ, ಅಷ್ಟೆ. ಹುಡುಕು ಅಂತ ನೀವು ಹೇಳಬೇಕು" ಅಂದರು. ಈಗಿನ ಬೂಟ್‌ಲೋಡರುಗಳು ಪಕ್ಕದಲ್ಲಿ ಇನ್ಯಾರಾದರೂ ಇದ್ದಾರೆಯೇ ಎಂದು ತಾವಾಗಿ ನೋಡುವುದಿಲ್ಲವಂತೆ. ನೋಡಬೇಡ ಎಂದು ಮೊದಲೇ ಬರೆದಿಟ್ಟಿರುತ್ತಾರಂತೆ. ಅವರು ಹೇಳಿದ ಕಡತ ತೆರೆದು, ಆ ಒಂದು ಸಾಲು ತಿದ್ದಿ, ಪಟ್ಟಿಯನ್ನು ಹೊಸದಾಗಿ ಮಾಡು ಎಂದು ಅಪ್ಪಣೆ ಕೊಟ್ಟೆ. ಕಪ್ಪು ಪರದೆಯಲ್ಲಿ ಒಂದೊಂದೇ ಸಾಲು ಬಂತು. ಕೊನೆಯಲ್ಲಿ ನಿಮ್ಮ ಹಳೆಯ ಸಿಸ್ಟಮ್ಮಿನ ಹೆಸರು, ಸಿಕ್ಕಿತು ಎಂಬ ಮಾತು. ಫೋನಿನಲ್ಲೇ ಅವರಿಗೆ ಕೈ ಮುಗಿದೆ. ಇದ್ದವರನ್ನು ಇಲ್ಲ ಎಂದು ತೋರಿಸುವುದು ಎಷ್ಟು ಸುಲಭ ನೋಡಿ ಅತ್ತೇ. ಕೊಲ್ಲಬೇಕಾಗಿಯೇ ಇಲ್ಲ, ಪಟ್ಟಿಯಲ್ಲಿ ಹೆಸರು ಹಾಕದಿದ್ದರೆ ಸಾಕು.

ಇನ್ನೂ ಒಂದು ತೊಡಕು ಉಳಿದಿತ್ತು, ಅದು ಮಾತ್ರ ನಮ್ಮ ಅಂಗಡಿಯಲ್ಲೇ ಆಗಬೇಕಾದದ್ದು. ಆ ಪಟ್ಟಿ ಹತ್ತು ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಯಾರೂ ಏನೂ ಒತ್ತದಿದ್ದರೆ ಮೇಲಿನ ಹೆಸರನ್ನು ತಾನೇ ಎಬ್ಬಿಸುತ್ತದೆ. ನಮ್ಮ ಮನೆಯವರು ಯಾರಾದರೂ ಸ್ವಿಚ್ ಹಾಕಿ ಅದರ ಮುಂದೆ ಕೂತದ್ದುಂಟೇ? ಅದು ಏಳೋದು ನಿಧಾನ, ಅಷ್ಟರಲ್ಲಿ ಸೂಜಿಗೆ ನೂಲು ಹಾಕು ಎಂದು ನೀವೇ ಕಲಿಸಿದ್ದು. ನನಗೂ ಅದೇ ಅಭ್ಯಾಸ, ಇವರಿಗೂ ಅದೇ. ಮೂರು ಸಲ ಸ್ವಿಚ್ ಹಾಕಿ ಹನ್ನೆರಡು ಸೂಜಿಯ ಹತ್ತಿರ ಹೋದೆ, ಮೂರು ಸಲವೂ ಹಿಂತಿರುಗಿ ನೋಡಿದರೆ ಹೊಸದೇ ಎದ್ದು ಕೂತಿದೆ. ಇವರು ಅದನ್ನು ನೋಡಿ, ಹಳೆಯದು ನಿಜಕ್ಕೂ ಸತ್ತಿತು, ಸುಮ್ಮನೆ ಹಟ ಯಾಕೆ ಎಂದರು. ಹಳೆಯದನ್ನೇ ಮೇಲೆ ಹಾಕೋಣ ಅಂದುಕೊಂಡೆ. ಆದರೆ ಆಗ ಹೊಸದಕ್ಕೆ ಅದೇ ಗತಿ. ಆಮೇಲೆ ಮತ್ತೆ ಆ ಕಡತ ತೆರೆದು ಆ ಹತ್ತು ಸೆಕೆಂಡಿನ ಎಣಿಕೆಯನ್ನೇ ತೆಗೆದುಹಾಕಿದೆ. ಈಗ ಅದು ಯಾರ ಪರವಾಗಿಯೂ ತಾನೇ ತೀರ್ಮಾನ ಮಾಡುವುದಿಲ್ಲ. ಯಾರಾದರೂ ಬಂದು ಬೆರಳಿಟ್ಟು ಹೇಳುವವರೆಗೆ ಹಾಗೇ ಕಾಯುತ್ತದೆ, ಒಂದು ದಿನವಾದರೂ ಸರಿಯೇ.

ನಾಲ್ಕು ಗಂಟೆಗೆ ಸರಿಯಾಗಿ ಭಾವನವರು ಬಂದರು. ಅವರು ಕೆಟ್ಟವರಲ್ಲ, ಅದು ನನಗೆ ಗೊತ್ತು. ನೀವು ಅಂಗಡಿಯ ಸ್ಟೂಲಿನಿಂದ ಬಿದ್ದ ದಿನ ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಅತ್ತವರು ಅವರೇ. ನಿಮ್ಮನ್ನು ಮತ್ತೆ ಆ ಸ್ಟೂಲ್ ಹತ್ತಲು ಬಿಡಬಾರದು ಎಂಬ ಹೆದರಿಕೆ ಅವರದು. ಹೆದರಿಕೆ ಇದ್ದವರು ಸ್ಟೂಲ್ ತೆಗೆಯಬೇಕು, ಅಂಗಡಿಯನ್ನಲ್ಲ. ನಾನು ಕುರ್ಚಿಯಿಂದ ಏಳಲಿಲ್ಲ. ಎರಡೂ ಇವೆ, ಹೊಸದೂ ಓಡುತ್ತದೆ, ನೋಡಿ ಎಂದು ತೋರಿಸಿದೆ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು. ಪರದೆ ಕಪ್ಪಾಗಿದೆ, ಅಕ್ಷರ ಸಣ್ಣದು, ನಿಧಾನವಾಯಿತು, ಗಿರಾಕಿಗಳು ನಗುತ್ತಾರೆ, ಹೀಗೆ ಒಂದೊಂದೇ ಕುಂದು ತೆಗೆದರು. ಕೊನೆಗೆ ದನಿ ತಗ್ಗಿಸಿ, "ಅಮ್ಮನೇ ಹೇಳಿದಾರೆ, ಎಲ್ಲಾ ತೆಗೆದುಬಿಡಿ ಅಂತ. ನೀನೇನು ಅವರಿಗಿಂತ ಹೆಚ್ಚಾ?" ಎಂದರು.

"ಅವರ ಬಾಯಿಂದ ಕೇಳಿದ ದಿನ ನಾನೇ ನನ್ನ ಕೈಯಾರ ಅಳಿಸ್ತೀನಿ ಭಾವ. ನಿಮ್ಮ ಬಾಯಿಂದ ಕೇಳಿ ಅಳಿಸಲ್ಲ" ಅಂದೆ.

ಆಗ ಬಾಗಿಲಲ್ಲಿ ನಿಂತಿದ್ದ ಇವರು, ನಿಮ್ಮ ಕಿರಿಮಗ, ಜೀವನದಲ್ಲಿ ಮೊದಲ ಸಲ ಆ ಅಡ್ಡಗೋಡೆಯಿಂದ ಕೆಳಗಿಳಿದರು. "ಅಣ್ಣಾ, ಟೀ ಕುಡಿದು ಹೋಗು" ಅಂದರು. ಟೀ ಎಂಬ ಮಾತು ಮೆತ್ತಗಿತ್ತು, ಹೋಗು ಎಂಬುದು ಅಷ್ಟು ಮೆತ್ತಗಿರಲಿಲ್ಲ. ಭಾವನವರು ಟೀ ಕುಡಿಯದೇ ಹೋದರು. ನಾನು ಎರಡು ಲೋಟ ಕುಡಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ಹೋದ ಮೇಲೆ ಹಳೆಯ ಸಿಸ್ಟಂ ಎಬ್ಬಿಸಿ ನಿಮ್ಮ ಹೊಲಿಗೆ ಪ್ರೋಗ್ರಾಂ ಮೇಲೆ ಬೆರಳಿಟ್ಟೆ. ಅಲ್ಲಿಯವರೆಗೆ ಅದನ್ನು ಮುಟ್ಟಲು ಧೈರ್ಯ ಬಂದಿರಲಿಲ್ಲ. ಅದು ತೆರೆಯಲಿಲ್ಲ. ಕೀ ಸಿಗುತ್ತಿಲ್ಲ ಎಂದು ಬರೆದು ನಿಂತಿತು. ಸ್ಕ್ರೂ ಮಾವನನ್ನು ಕೇಳಿದಾಗ ತಿಳಿಯಿತು, ಆ ಪ್ರೋಗ್ರಾಮಿಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ತುಂಡಿರುತ್ತದಂತೆ, ಕಂಪ್ಯೂಟರಿನ ಬೆನ್ನಿಗೆ, ಹಳೆಯ ಪ್ರಿಂಟರಿನ ತಂತಿ ಹೋಗುವ ಕಡೆ ಚುಚ್ಚಿರಬೇಕಂತೆ. ಅದೇ ಬೀಗದ ಕೈ. ಅದಿಲ್ಲದೆ ಪ್ರೋಗ್ರಾಂ ಬಾಯಿ ಬಿಡುವುದಿಲ್ಲ, ಎರಡನೆಯದು ಈಗ ಎಲ್ಲೂ ಸಿಗುವುದೂ ಇಲ್ಲ. ಮೇಜಿನ ಹಿಂದೆ ಕೈ ಹಾಕಿ ತಡಕಿದೆ, ಅಲ್ಲಿಲ್ಲ. ಕಣ್ಣು ಕೆಂಪಾಯಿತು. ಭಾವನವರೇ ಕಿತ್ತುಕೊಂಡು ಹೋಗಿದ್ದಾರೆ ಎಂದು ನಿನ್ನೆ ಬೆಳಗ್ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಅಂದೆ. ಅವರು ತಮ್ಮ ಮಕ್ಕಳ ಮೇಲೆ ಆಣೆ ಹಾಕಿದರು, ಕೀ ಅಂದರೆ ಏನು ಎಂದೇ ಅವರಿಗೆ ಗೊತ್ತಿರಲಿಲ್ಲ. ನಾನು ನಂಬಲಿಲ್ಲ. ಮೀಸೆ ಕ್ಯಾಪ್ಟನ್‌ಗೆ ಏನು ಹೇಳಲಿ? ಸೋಮವಾರಕ್ಕೆ ಆರು ದಿನ. ಇಷ್ಟೆಲ್ಲ ಮಾಡಿ ಬಾಗಿಲ ತನಕ ಬಂದು ನಿಂತಿದ್ದೇನೆ. ಆದರೂ ಹೇಳುತ್ತೇನೆ, ಗುಜರಿಯವನು ಗಯ್ಯಾಳಿಯನ್ನು ಎತ್ತಲು ಬಂದರೆ ನನ್ನನ್ನೂ ಸೇರಿಸಿ ತೂಕ ಹಾಕಬೇಕಾಗುತ್ತದೆ.

ಬರೆದದ್ದರಲ್ಲಿ ಒರಟು ಮಾತಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ಸಂಜೆಯ ಹೊತ್ತು ಬಹಳ ಸಪ್ಪೆ ಅತ್ತೇ. ಸೂಜಿಗೆ ನೂಲು ಪೋಣಿಸುವಾಗ ನೂಲಿನ ತುದಿ ಒದ್ದೆ ಮಾಡಬೇಡ, ಕತ್ತರಿಸು ಎಂದು ಬೈಯುವವರಿಲ್ಲ, ನಾನು ಒದ್ದೆ ಮಾಡುತ್ತಿದ್ದೇನೆ. ಮಾತ್ರೆ ಮರೆಯಬೇಡಿ, ಭಾರ ಎತ್ತಬೇಡಿ, ಮೊಣಕಾಲಿಗೆ ಬಿಸಿ ಬಟ್ಟೆ ಇಡಲು ನರ್ಸಮ್ಮನಿಗೆ ಹೇಳಿ. ಇವರು ನಿಮ್ಮ ಪಾದ ಮುಟ್ಟಿದೆ ಎಂದು ಬರಿ ಎನ್ನುತ್ತಿದ್ದಾರೆ, ಬರೆದಿದ್ದೇನೆ. ನನಗೂ ನಿಮ್ಮ ಆಶೀರ್ವಾದ ಬೇಕು, ಬೈದೇ ಕೊಟ್ಟರೂ ಸರಿ.

ಇಂತಿ,
ನಿಮ್ಮ ಕುರ್ಚಿಯಲ್ಲಿ ಕೂತು ಬರೆಯುತ್ತಿರುವ
ನಿಮ್ಮ ಸೊಸೆ

ತಾ.ಕ.: ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮೊನ್ನೆ ಮೇಜಿನ ಹಿಂದೆ ತಡಕಿದಾಗ ಒಂದು ಚಿಂದಿ ಬಟ್ಟೆ ಕೈಗೆ ಬಂದಿತ್ತು, ಸಿಟ್ಟಿನಲ್ಲಿ ಎಳೆದು ಬಿಸಾಕಿದ್ದೆ. ಈಗ ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿತು. ಎತ್ತಿ ನೋಡಿದರೆ ಚಿಂದಿಯಲ್ಲ. ಕೀ ಇರಬೇಕಾದ ತೂತಿನ ಅಳತೆಗೇ ಸರಿಯಾಗಿ ಕತ್ತರಿಸಿ, ದೂಳು ಹೋಗದಂತೆ ಒಳಗೆ ಹತ್ತಿ ತುಂಬಿ, ನಾಲ್ಕೂ ಅಂಚು ಮಡಚಿ ಹೊಲಿದದ್ದು. ದೂಳಿಗೆ ಅಡ್ಡ ಇಡುವ ಬಟ್ಟೆಗೂ ಅಂಚು ಹೊಲಿಯುವವರು ಈ ಪ್ರಪಂಚದಲ್ಲಿ ಒಬ್ಬರೇ ಇದ್ದಾರೆ. ಭಾವನವರ ಮನೆಗೆ ಹೊರಡುವ ದಿನ ನೀವು ಅರ್ಧ ಗಂಟೆ ಈ ಕೋಣೆಯ ಬಾಗಿಲು ಹಾಕಿಕೊಂಡಿದ್ದಿರಿ. ಅಳುತ್ತಿದ್ದೀರಿ ಎಂದುಕೊಂಡು ನಾನು ಬಾಗಿಲು ತಟ್ಟಲಿಲ್ಲ. ಅಳಿಸಿಬಿಡಿ ಎನ್ನುವವರು ಕೀ ಕೊಂಡೊಯ್ಯುವುದಿಲ್ಲ, ತೂತಿಗೆ ದೂಳು ಕೂರದಂತೆ ಕಾಯುವುದೂ ಇಲ್ಲ. ಭಾವನವರ ಕ್ಷಮೆ ಕೇಳುತ್ತೇನೆ, ಆದರೆ ಅಂಗಡಿ ಕೊಡುವುದಿಲ್ಲ. ಕೀಯನ್ನು ನರ್ಸಮ್ಮನ ಕೈಯಲ್ಲಿ ಕಳಿಸಬೇಡಿ, ಕಳಿಸಿದರೆ ವಾಪಸ್ ಕಳಿಸುತ್ತೇನೆ. ಗುರುವಾರ ಬೆಳಗ್ಗೆ ಹತ್ತೂವರೆಗೆ ಇವರು ವ್ಯಾನ್ ತಂದು ಆ ಮನೆಯ ಗೇಟಿನ ಮುಂದೆ ನಿಲ್ಲಿಸುತ್ತಾರೆ. ಚಪ್ಪಲಿ ಹಾಕಿಕೊಂಡು ಕೂತಿರಿ. ನೀವೇ ತಂದು ಚುಚ್ಚಬೇಕು.